ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರ ಬೋಧನೆ ಮತ್ತು ಸಂಗೀತ ಶೋಧ
ವಿಶ್ವವಿದ್ಯಾಲಯದ ಬೋಧನೆ, ಸಂಗೀತ ಸಂಶೋಧನೆ, ರಾಗಸಂಯೋಜನೆಗಳು ಒಬ್ಬರಲ್ಲಿಯೇ ಕೂಡಿದುದಕ್ಕೆ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು (1893–1979) ಉತ್ತಮ ನಿದರ್ಶನ. 1912ರಲ್ಲಿ ಮೈಸೂರಿನ ಮಹಾರಾಜ ಕಾಲೇಜನ್ನು ಸೇರಿದ ಅವರು 1949ರವರೆಗೆ ಅಲ್ಲಿ ಬೋಧಿಸಿದ್ದು ತೆಲುಗು ಸಾಹಿತ್ಯವನ್ನು, ಸಂಗೀತವನ್ನಲ್ಲ. ಸಂಗೀತದಲ್ಲಿ ಅವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು.

ನಿವೃತ್ತಿಯ ಬಳಿಕ ತಿರುಪತಿಯಲ್ಲಿ ಅವರು ಕೈಗೆತ್ತಿಕೊಂಡುದು ಅನ್ನಮಾಚಾರ್ಯರ ಕೀರ್ತನೆಗಳ ತಾಮ್ರಪತ್ರಗಳನ್ನು. ಅವುಗಳಲ್ಲಿ ಸಾಹಿತ್ಯವಿದೆ, ರಾಗದ ಹೆಸರಿದೆ, ಸ್ವರಲಿಪಿಯಿಲ್ಲ. ಹೆಸರಿಸಿದ ರಾಗಗಳಲ್ಲಿಯೂ ಕೆಲವು ಬಳಕೆಯಿಂದ ತಪ್ಪಿಹೋಗಿದ್ದವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಭಜನೆಯವರಿಗೆ ಈ ತೊಡಕು ವಿಚಿತ್ರವೆನಿಸೀತು. ಬಾಯಿಂದ ಬಾಯಿಗೆ ಬಂದ ತತ್ತ್ವಪದವನ್ನು ಕಲಿಯುವವನು ಮಾತನ್ನೂ ಮಟ್ಟನ್ನೂ ಒಟ್ಟಿಗೇ ಕಲಿಯುತ್ತಾನೆ. ತಿರುಪತಿಯಲ್ಲಾದರೋ ತಾಮ್ರವು ಮಾತನ್ನು ಕಾಯ್ದಿತ್ತು. ಹಾಡುವ ಪರಂಪರೆ ಕಡಿದುದರಿಂದ ಮಟ್ಟು ಅಳಿದಿತ್ತು.

ಶರ್ಮರು ನೂರಕ್ಕೂ ಹೆಚ್ಚು ಕೀರ್ತನೆಗಳಿಗೆ ಮಟ್ಟು ಕಟ್ಟಿ ಸ್ವರಪಡಿಸಿದರು. ಇದನ್ನು 'ಪುನರುದ್ಧಾರ'ವೆನ್ನುವುದು ರೂಢಿ. ಆದರೆ ಉಳಿಯದೆ ಹೋದ ಮಟ್ಟನ್ನು ಉದ್ಧರಿಸುವುದೆಂತು? ಸಾಹಿತ್ಯ 15ನೆಯ ಶತಮಾನದ್ದು, ಮಟ್ಟು 20ನೆಯ ಶತಮಾನದ್ದು. ಅವರ ಕಾರ್ಯ ಸಂಪಾದನೆಯಷ್ಟೇ ಅಲ್ಲ, ರಚನೆಯೂ ಹೌದು. ಪದದ ಒಡಪು, ಅರ್ಥದ ಒತ್ತು ಎಲ್ಲಿ ಬೀಳಬೇಕೆಂಬುದನ್ನು ಮೂರೂವರೆ ದಶಕಕ್ಕೂ ಮಿಕ್ಕಿ ಸಾಹಿತ್ಯಪಾಠ ಹೇಳಿದವರು ಬಲ್ಲರು. ಆ ಪಾಠದ ಫಲವೇ ಇಲ್ಲಿ ಸಂಗೀತವಾಗಿದೆ ಎನ್ನಬಹುದು.

1974ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ 'ಸಂಗೀತ ಕಲಾನಿಧಿ' ಬಿರುದನ್ನಿತ್ತಿತು. ಅನಂತರ ನೇದುನೂರಿ ಕೃಷ್ಣಮೂರ್ತಿ ಮೊದಲಾದವರೂ ಅನ್ನಮಾಚಾರ್ಯರ ಕೀರ್ತನೆಗಳಿಗೆ ಮಟ್ಟು ಹಾಕಿದರು. ಕೀರ್ತನಕಾರನ ಹೆಸರಿನೊಡನೆ ಮಟ್ಟುಗಾರನ ಹೆಸರನ್ನೂ ಹೇಳುವ ವಾಡಿಕೆ ಮಾತ್ರ ಕಛೇರಿಗಳಲ್ಲಿ ಇನ್ನೂ ವಿರಳ.