ಕಾದಂಬರಿಯಿಂದ ಬೆಳ್ಳಿತೆರೆಗೆ: 1972

ಒಂದು ಕಾಲಕ್ಕೆ ನಮ್ಮ ತ್ಯಾಗರಾಯನಗರದ ನೆರೆಯ ಕೋಡಂಬಾಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ ಅನೇಕ ಕನ್ನಡ ಚಿತ್ರಗಳು ಸಿದ್ಧವಾಗುತ್ತಿದ್ದುವು. ಕನ್ನಡ ಚಿತ್ರರಂಗದ ಆ ದಿನಗಳಲ್ಲಿ 1972 ಮರೆಯಲಾಗದ ವರ್ಷ. ಆ ವರ್ಷ ಹೆಸರು ಗಳಿಸಿದ ಎರಡು ಚಿತ್ರಗಳೂ ಕನ್ನಡ ಕಾದಂಬರಿಗಳಿಂದ ಹುಟ್ಟಿದುವೆಂಬುದು ಗಮನಾರ್ಹ.

ಮಾರ್ಚ್ ತಿಂಗಳಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ಕ್ಕೆ ಟಿ. ಕೆ. ರಾಮರಾಯರ ಕಾದಂಬರಿಯೇ ಆಧಾರ, ನಿರ್ದೇಶನ ಸಿದ್ಧಲಿಂಗಯ್ಯನವರದು. ವಿಧವೆಯಾದ ಅಕ್ಕನ ಸಂಸಾರಕ್ಕೆ ಆಸರೆಯಾಗಿ, ಬರಡು ನೆಲವನ್ನು ಹಸನುಗೊಳಿಸಿದ ರಾಜೀವ (ರಾಜ್‌ಕುಮಾರ್) ಕೊನೆಗೆ ತನ್ನವರ ಸಂಶಯಕ್ಕೇ ಗುರಿಯಾಗಿ ಮೌನವಾಗಿ ಊರು ತೊರೆಯುತ್ತಾನೆ.

ಡಿಸೆಂಬರಿನಲ್ಲಿ ಬಂದ ‘ನಾಗರಹಾವು’ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದ ಚಿತ್ರ. ಪುಟ್ಟಣ್ಣ ಕಣಗಾಲರು ಚಿತ್ರದುರ್ಗದ ಕೋಟೆಯನ್ನೇ ಕಥೆಯ ನೆಲೆಯಾಗಿಸಿದರು. ಚಾಮಯ್ಯ ಮೇಷ್ಟರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ (ವಿಷ್ಣುವರ್ಧನ್) ಅಲಮೇಲುವನ್ನು ಬಿಟ್ಟುಕೊಡುತ್ತಾನೆ; ಆ ವಿಧೇಯತೆ ಅವಳ ಬಾಳನ್ನೂ, ಕೊನೆಗೆ ಗುರುಶಿಷ್ಯರಿಬ್ಬರನ್ನೂ ಬಲಿ ತೆಗೆದುಕೊಳ್ಳುತ್ತದೆ.

ಈ ಊರಿನಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಆಡಬಲ್ಲರು, ಓದಲಾರರು. ಅವರಿಗೆ ಮೊದಲು ಈ ಚಿತ್ರಗಳನ್ನು ತೋರಿಸಿ, ಬಳಿಕ ಕಾದಂಬರಿಗಳನ್ನು ಮನೆಯಲ್ಲಿ ದಿನಕ್ಕೆರಡು ಪುಟದಂತೆ ಓದಿ ಹೇಳಿದರೆ, ಅಕ್ಷರದ ಕಡೆಗೆ ಅವರ ಮನಸ್ಸು ತಾನಾಗಿ ಒಲಿದೀತು.