ಮೂಗು ಕಟ್ಟಿದ್ದು ಶೀತಕ್ಕೇನಾ?

12 ವಾರ ಆದ್ರೂ ಮೂಗು ಬಿಡ್ತಾ ಇಲ್ವಾ?
ಅದೂ ಹೆಚ್ಚಾಗಿ ಒಂದೇ ಕಡೆ?
ಆಂಟಿಬಯೋಟಿಕ್ ಮುಗಿಸಿದ್ರೂ ಜಗ್ಗ್ತಿಲ್ವಾ?

ಫಂಗಸ್ ಇರಬಹುದು.
ಆಂಟಿಬಯೋಟಿಕ್ ಕೊಲ್ಲೋದು ಬ್ಯಾಕ್ಟೀರಿಯಾನ.
ಫಂಗಸ್‌ಗೆ ಅದು ತಾಗೋದೇ ಇಲ್ಲ.

ಕೆನ್ನೆ, ಹಣೆಯ ಮೂಳೆಯೊಳಗೆ
ಗಾಳಿ ತುಂಬಿದ ಪುಟ್ಟ ಗೂಡುಗಳಿವೆ. ಅವೇ ಸೈನಸ್.
ದಾರಿ ಕಟ್ಟಿಕೊಂಡ್ರೆ,
ಮಳೆಗಾಲದಲ್ಲಿ ಬೀಗ ಹಾಕಿಟ್ಟ ಬೀರುವಿನ ಹಾಗೆ,
ಒಳಗೆಲ್ಲ ತೇವ, ಬೂಸ್ಟು.

ಮುಖ ಭಾರ.
ದಪ್ಪನೆಯ ಕಂದು ಸಿಂಬಳ.
ಮೂಗಲ್ಲಿ ಕೆಟ್ಟ ವಾಸನೆ.
ಕೆಲವರಿಗೆ ಒಗ್ಗರಣೆ ಘಮವೂ ಗೊತ್ತಾಗಲ್ಲ.

ಆದ್ರೆ ಲಕ್ಷಣ ಕೇಳಿ ಯಾರೂ ಖಚಿತವಾಗಿ ಹೇಳೋಕಾಗಲ್ಲ.
ಇಎನ್‌ಟಿ ವೈದ್ಯರು ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡ್ತಾರೆ.
ಆಮೇಲೆ ಸಿಟಿ ಸ್ಕ್ಯಾನ್.
ತುಂಬಿಹೋದ ಸೈನಸ್ ನಡುವೆ ಬೆಳ್ಳನೆ ಮಚ್ಚೆ ಕಂಡ್ರೆ
ಅನುಮಾನ ಬಲವಾಗುತ್ತೆ.

ಕೊನೆಯ ಮಾತು ಮೈಕ್ರೋಸ್ಕೋಪ್‌ದು.
ಒಳಗಿನ ತುಣುಕು ತೆಗೆದು ಪರೀಕ್ಷಿಸಬೇಕು.
ಫಂಗಸ್ ಬರೀ ಉಂಡೆ ಕಟ್ಟಿದೆಯಾ,
ಅಲರ್ಜಿ ಎಬ್ಬಿಸಿದೆಯಾ,
ಇಲ್ಲಾ ಮಾಂಸದೊಳಗೇ ನುಗ್ಗಿದೆಯಾ?
ಚಿಕಿತ್ಸೆ ನಿಂತಿರೋದೇ ಈ ಉತ್ತರದ ಮೇಲೆ.
ದಯವಿಟ್ಟು ಈ ಪರೀಕ್ಷೆ ತಪ್ಪಿಸಬೇಡಿ.

ಕಣ್ಣು ಊದಿದ್ರೆ, ಒಂದು ಎರಡಾಗಿ ಕಂಡ್ರೆ,
ಇವತ್ತೇ ಆಸ್ಪತ್ರೆಗೆ ಹೋಗಿ.
ಸಕ್ಕರೆ ಕಾಯಿಲೆ ಇದ್ರಂತೂ
ಬೆಳಗಾಗೋವರೆಗೂ ಕಾಯಬೇಡಿ.