ತುರ್ತು ಶುಶ್ರೂಷೆಯಲ್ಲಿ ಸುರಕ್ಷತಾ ಕೌಶಲಗಳು: ಮಲೆನಾಡಿನ ಮೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ವಿಮಾನಯಾನ, ಪರಮಾಣು ವಿದ್ಯುತ್ತು ಮೊದಲಾದ ಅಪಾಯಕಾರಿ ಕ್ಷೇತ್ರಗಳಲ್ಲಿ ಸುರಕ್ಷತೆಯು ಯಂತ್ರವನ್ನಷ್ಟೇ ಅವಲಂಬಿಸಿಲ್ಲ. ಜೊತೆಗೆ ದುಡಿಯುವವರ ಮಾತುಕತೆಯನ್ನೂ ಅವಲಂಬಿಸಿದೆ. 1977ರಲ್ಲಿ ಟೆನೆರಿಫೆ ದ್ವೀಪದ ರನ್‌ವೇಯಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಮಡಿದರು. ಇಂತಹ ದುರಂತಗಳ ಅಧ್ಯಯನದ ಫಲವಾಗಿ, ಪರಿಸ್ಥಿತಿಯ ಅರಿವು, ಸ್ಪಷ್ಟ ಸಂವಹನ, ಕೆಲಸದ ಹಂಚಿಕೆ, ಹಿರಿಯರನ್ನು ಎಚ್ಚರಿಸುವ ಧೈರ್ಯ ಇವುಗಳನ್ನು ಕಲಿಸಬಹುದಾದ ಕೌಶಲಗಳೆಂದು ಪರಿಗಣಿಸಿ ತರಬೇತಿ ನೀಡುವ ಕ್ರಮ ಬೆಳೆಯಿತು.

ಕರ್ನಾಟಕಕ್ಕೂ ಈ ಪಾಠ ಹೊರಗಿನದಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗುರುಳಿ 158 ಜನ ಮೃತರಾದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಅದನ್ನು ಪಾಲಿಸಲಿಲ್ಲವೆಂಬುದು ತನಿಖೆಯಲ್ಲಿ ದಾಖಲಾಯಿತು. ಕಿರಿಯರು ಮಾತನಾಡಿದರಷ್ಟೇ ಸಾಲದು, ಹಿರಿಯರು ಓಗೊಡುವುದೂ ನಿಯಮವಾಗಬೇಕೆಂಬುದಕ್ಕೆ ಇದು ನಿದರ್ಶನ.

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಈ ತತ್ತ್ವದ ಪ್ರಯೋಜನವನ್ನು ಅರಿಯಲು ಹಾವು ಕಡಿತದ ಪ್ರಕರಣ ಸೂಕ್ತವಾದುದು. ಅಡಿಕೆ ತೋಟ, ಕಾಫಿ ತೋಟ, ಗದ್ದೆಗಳಲ್ಲಿ ದುಡಿಯುವವರಿಗೆ ಇದು ನಿತ್ಯದ ಅಪಾಯ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ತಾಲ್ಲೂಕು ಕೇಂದ್ರದಲ್ಲಿ ಚಿಕಿತ್ಸೆ ಆರಂಭವಾದರೂ, ಸ್ಥಿತಿ ಬಿಗಡಾಯಿಸಿದ ರೋಗಿಯನ್ನು ಶಿವಮೊಗ್ಗಕ್ಕೋ ಘಾಟಿಯಿಳಿದು ಮಣಿಪಾಲಕ್ಕೋ ಸಾಗಿಸಬೇಕಾಗುತ್ತದೆ.

ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ತಿಳಿಯಲು ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಈ ಅವಧಿಯಲ್ಲಿ ಶುಶ್ರೂಷಕಿಯನ್ನು ಬೇರೊಬ್ಬ ರೋಗಿಯ ಬಳಿಗೆ ಕರೆದರೆ ಪರೀಕ್ಷೆ ಮರೆತುಹೋಗಬಹುದು, ಇಲ್ಲವೆ ಬೇರೆಯವರು ಅವಧಿಗೆ ಮೊದಲೇ ನಳಿಕೆಯನ್ನು ವಾಲಿಸಿ ನೋಡಬಹುದು. ನಳಿಕೆಯ ಮೇಲೆ ಆರಂಭದ ಸಮಯ ಬರೆದು, ನೋಡಬೇಕಾದವರು ಯಾರೆಂದು ಬಾಯಿಬಿಟ್ಟು ಹೇಳುವುದೇ ಇದಕ್ಕೆ ಪರಿಹಾರ. ಪ್ರತಿವಿಷ ನೀಡುವಾಗ ತೀವ್ರ ಅಲರ್ಜಿ ಉಂಟಾಗುವ ಸಂಭವವಿರುವುದರಿಂದ ಅಡ್ರಿನಲಿನ್ ಸಿದ್ಧವಿರಬೇಕು. ಅದರ ಪ್ರಮಾಣವನ್ನು ವೈದ್ಯರು ಬಾಯಿಮಾತಿನಲ್ಲಿ ಸೂಚಿಸಿದರೆ, ಔಷಧ, ಪ್ರಮಾಣ ಮತ್ತು ಸ್ನಾಯುವಿಗೋ ರಕ್ತನಾಳಕ್ಕೋ ಎಂಬುದನ್ನು ಶುಶ್ರೂಷಕಿ ಮರುನುಡಿಯಬೇಕು, ವೈದ್ಯರು ಹೌದೆನ್ನಬೇಕು. ಇದು ವೈಮಾನಿಕರು ನಿಯಂತ್ರಣ ಕೇಂದ್ರದ ಆದೇಶವನ್ನು ಮರುನುಡಿಯುವ ಕ್ರಮವೇ ಆಗಿದೆ.

ಮಾತಿನ ವಿನಯವೂ ಪರಿಶೀಲನಾರ್ಹ. "ಒಮ್ಮೆ ನೋಡಿದ್ದರೆ ಒಳ್ಳೆಯದಿತ್ತು ಸರ್" ಎಂಬ ವಾಕ್ಯದಲ್ಲಿ ಗೌರವವಿದೆ, ತುರ್ತು ಇಲ್ಲ. "ಸರ್, ಕಣ್ಣಿನ ರೆಪ್ಪೆ ಜೋತುಬಿದ್ದಿದೆ, ಉಸಿರು ಕ್ಷೀಣಿಸುತ್ತಿದೆ, ಈಗಲೇ ಬರಬೇಕು" ಎಂಬಲ್ಲಿ ಗೌರವ ಉಳಿದೇ ಅಪಾಯ ಸ್ಪಷ್ಟವಾಗುತ್ತದೆ. ಇಂತಹ ಮಾತಿಗೆ ತಕ್ಷಣ ಉತ್ತರಿಸುವುದು ವೈದ್ಯರ ಕರ್ತವ್ಯವೆಂದು ಮೊದಲೇ ನಿಗದಿಯಾಗಿರಬೇಕು.

ಸಾಗಣೆಯ ಸಂದರ್ಭದಲ್ಲಿ ಪರಿಸ್ಥಿತಿ, ಹಿನ್ನೆಲೆ, ಅಂದಾಜು, ಶಿಫಾರಸು ಎಂಬ ನಾಲ್ಕು ಹಂತಗಳ ವರದಿ ಉಪಯುಕ್ತ. ಇದರ ಮೂಲ ಅಮೆರಿಕದ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳಲ್ಲಿದೆ. ಕಚ್ಚಿದ ವೇಳೆ, ರಕ್ತಪರೀಕ್ಷೆಯ ಫಲ, ನೀಡಿದ ಪ್ರತಿವಿಷದ ಸೀಸೆಗಳ ಸಂಖ್ಯೆ, ಉಸಿರಾಟದ ಸ್ಥಿತಿ ಇವು ಅದರಲ್ಲಿ ತಪ್ಪದೆ ಇರಬೇಕು. ಇವು ತಿಳಿಯದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಮೊದಲಿನಿಂದ ಆರಂಭವಾಗಿ ಅಮೂಲ್ಯ ಸಮಯ ನಷ್ಟವಾಗುತ್ತದೆ.

ಆದರೆ ಸಾದೃಶ್ಯಕ್ಕೆ ಮಿತಿಯಿದೆ. ವಿಮಾನವನ್ನು ಹೊರಡಿಸದೆ ನಿಲ್ಲಿಸಬಹುದು. ಬಾಗಿಲಿಗೆ ಬಂದ ರೋಗಿಯನ್ನು ನಿಲ್ಲಿಸಲಾಗದು. ಪೈಲಟ್‌ಗೆ ಜೊತೆಗಾರನಿರುತ್ತಾನೆ, ರಾತ್ರಿ ಪಾಳಿಯ ಶುಶ್ರೂಷಕಿ ಒಬ್ಬಳೇ ಇರಬಹುದು. ಆದ್ದರಿಂದ ಈ ಕೌಶಲಗಳು ಸಿಬ್ಬಂದಿಯ ಕೊರತೆಯನ್ನು ತುಂಬಲಾರವು. ಭರ್ತಿ ಮಾಡುವ ಮತ್ತೊಂದು ನಮೂನೆಯಾದರೆ ಹೊರೆಯೂ ಆದಾವು. ವೈದ್ಯರು, ಶುಶ್ರೂಷಕರು, ಆಂಬ್ಯುಲೆನ್ಸ್ ಸಿಬ್ಬಂದಿ ಒಟ್ಟಿಗೆ ಅಭ್ಯಾಸ ಮಾಡಿದಾಗ ಮಾತ್ರ ಅವು ರೋಗಿಯ ಪ್ರಾಣರಕ್ಷಣೆಗೆ ಒದಗುತ್ತವೆ.